ಡಂಜನ್ ಆಮೇಲೆ ನೋಡೋಣ, ಮೊದ್ಲು ರಾಮನಾಥಪುರಕ್ಕೆ ಬನ್ನಿ

"ನೀವು ನಾಲ್ಕು ಜನ ಒಂದು ಟ್ಯಾವರ್ನ್‌ನಲ್ಲಿ ಕೂತಿದೀರಿ. ಹೊರಗೆ ಹಿಮ ಬೀಳ್ತಿದೆ. ದೂರದಲ್ಲಿ ತೋಳ ಊಳಿಡ್ತಿದೆ."

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಗುಂಪಿನ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಶುರುವಾಗಿದ್ದು ಹೀಗೆ. ಶನಿವಾರ ಮಧ್ಯಾಹ್ನ, ಕ್ಯಾಂಟೀನ್ ಹಿಂದಿನ ಕಲ್ಲು ಬೆಂಚು. ಹೇಳಿದವನು ನಾನೇ. ಎರಡು ವಾರ ಕೂತು ಓದಿ, ವಿಡಿಯೋ ನೋಡಿ, ನೋಟ್ಸ್ ಮಾಡ್ಕೊಂಡು ಬಂದಿದ್ದೆ. ಇಂಟರ್ನಲ್ಸ್‌ಗೂ ನಾನು ಅಷ್ಟು ಓದಿದವನಲ್ಲ.

ರಾಮನಾಥಪುರದ ಹುಡುಗ ಕೈ ಎತ್ತಿದ. "ಹಿಮ ಅಂದ್ರೆ ಎಷ್ಟು ಮಗಾ? ಕಾಲು ಹೂತ್ಕೊಳ್ಳುತ್ತಾ, ಇಲ್ಲ ಇಬ್ಬನಿ ತರನಾ?"

ನಂಗೆ ಗೊತ್ತಿರಲಿಲ್ಲ. ಅಲ್ಲಿ ಕೂತಿದ್ದ ಯಾರೂ ಹಿಮ ನೋಡಿದವರಲ್ಲ. ಹೊಳೆನರಸೀಪುರದವಳು ಕೇಳಿದಳು: "ಟ್ಯಾವರ್ನ್ ಅಂದ್ರೆ ಬಾರಾ, ಖಾನಾವಳಿನಾ? ನಾನು ಒಳಗೆ ಬರಬಹುದಾ?" ಅದೂ ಗೊತ್ತಿರಲಿಲ್ಲ. "ಸುಮ್ನೆ ಆಡ್ರೋ, ಬುಕ್ಕಲ್ಲಿ ಹಂಗಿದೆ" ಅಂದೆ. ಅಲ್ಲಿಂದ ಮುಂದೆ ಎರಡು ಗಂಟೆ ಆ ರಾಮನಾಥಪುರದವನು ಆಡಿದ ಮಾತು ಒಂದೇ ಒಂದು: "ಅಟ್ಯಾಕ್." ನಮ್ಮ ಸೆಕ್ಷನ್‌ನಲ್ಲೇ ಅವನಷ್ಟು ಮಾತಾಡೋ ಪ್ರಾಣಿ ಇನ್ನೊಂದಿಲ್ಲ. ಅಂಥವನ ಬಾಯಿ ಕಟ್ಟಿಹಾಕಿದ್ದು ನಾನು ತಂದ ಲೋಕ.

ಈ ಲೇಖನ ಆ ಎರಡು ಗಂಟೆಯ ಬಗ್ಗೆ, ಮತ್ತು ಅದಾದ ಮೇಲೆ ನನಗೆ ಗಟ್ಟಿಯಾದ ಒಂದು ಅಭಿಪ್ರಾಯದ ಬಗ್ಗೆ. ಅಭಿಪ್ರಾಯ ಇಷ್ಟು: ರೋಲ್‌ಪ್ಲೇಯಿಂಗ್ ಆಟಕ್ಕೆ ಒಳ್ಳೆಯ ಲೋಕ ಯಾವುದು ಅಂದ್ರೆ, ಆಡುವವರು ಆಟ ನಡೆಸುವವನಿಗೆ "ತಪ್ಪು ಗುರು, ಅಲ್ಲಿ ಹಂಗಾಗಲ್ಲ" ಅಂತ ಹೇಳಬಲ್ಲ ಲೋಕ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಇದು ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ. ಒಬ್ಬ ಡಂಜನ್ ಮಾಸ್ಟರ್, ಅಂದ್ರೆ ಡಿಎಂ. ಊರು, ಕಾಡು, ಕಳ್ಳ, ರಾಕ್ಷಸ ಎಲ್ಲ ಅವನ ಬಾಯಿಂದ ಬರಬೇಕು. ಉಳಿದವರಿಗೆ ಒಂದೊಂದು ಪಾತ್ರ. "ನಾನು ಗೋಡೆ ಹಾರ್ತೀನಿ" ಅಂದ್ರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು; ಬಿದ್ದ ಸಂಖ್ಯೆ ನೋಡಿ ಹಾರಿದ್ಯೋ, ಕಾಲು ಮುರ್ಕೊಂಡ್ಯೋ ಅಂತ ತೀರ್ಮಾನ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಪ್ರಕಟಿಸಿದರು. 'ಸ್ಟ್ರೇಂಜರ್ ಥಿಂಗ್ಸ್'ನಲ್ಲಿ ಆ ಹುಡುಗರು ಆಡ್ತಾರಲ್ಲ, ಅದೇ. 'ಬಾಲ್ಡರ್ಸ್ ಗೇಟ್ 3' ಆಡಲು ಲ್ಯಾಪ್‌ಟಾಪ್ ಬಿಸಿ ಮಾಡ್ಕೊಂಡವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ.

ಕಥೆ ನಡೆಯೋ ಲೋಕಕ್ಕೆ ಸೆಟ್ಟಿಂಗ್ ಅಂತಾರೆ. "ನಿನ್ನ ಫೇವರಿಟ್ ಸೆಟ್ಟಿಂಗ್ ಯಾವುದು?" ಅನ್ನೋದು ಈ ಆಟದವರ ನಡುವೆ "ರಾಜ್‌ಕುಮಾರ್ ಪಿಕ್ಚರ್‌ಗಳಲ್ಲಿ ಯಾವುದು ಬೆಸ್ಟ್?" ಅನ್ನೋ ತರದ ಪ್ರಶ್ನೆ. ಗಂಟೆಗಟ್ಟಲೆ ಜಗಳ ಆಡಬಹುದು. ನನಗೂ ಇಷ್ಟದ ಲೋಕಗಳು ಇವೆ, ಸುಳ್ಳು ಹೇಳಲ್ಲ.

ನನಗೆ ಡಾರ್ಕ್ ಸನ್ ಇಷ್ಟ. 1991ರಲ್ಲಿ ಬಂದಿದ್ದು. ಅಥಾಸ್ ಅನ್ನೋ ಒಣಗಿದ ಲೋಕ. ಅಲ್ಲಿ ಮಂತ್ರ ಹಾಕಿದ್ರೆ ಸುತ್ತಲಿನ ಗಿಡದ ಜೀವ ಹೀರಿಕೊಂಡು ಮಂತ್ರ ನಡೆಯುತ್ತೆ, ಮಣ್ಣು ಬೂದಿ ಆಗುತ್ತೆ. ಶಕ್ತಿ ಪುಕ್ಕಟೆ ಬರಲ್ಲ ಅನ್ನೋ ಥರ್ಮೋಡೈನಮಿಕ್ಸ್ ಪಾಠವನ್ನ ಇಷ್ಟು ಚೆನ್ನಾಗಿ ಯಾವ ಲೆಕ್ಚರರ್ರೂ ನನಗೆ ಹೇಳಿಲ್ಲ. ಎಬೆರಾನ್ ಇಷ್ಟ. ಅದು 2002ರಲ್ಲಿ ಕಂಪನಿ ನಡೆಸಿದ ಸ್ಪರ್ಧೆಗೆ ಬಂದ 11,000ಕ್ಕೂ ಹೆಚ್ಚು ಕಲ್ಪನೆಗಳಲ್ಲಿ ಗೆದ್ದ ಕೀತ್ ಬೇಕರ್ ಅವರ ಲೋಕ, 2004ರಲ್ಲಿ ಪುಸ್ತಕವಾಯ್ತು. ಅಲ್ಲಿ ಮಾಯೆಯೇ ಎಂಜಿನಿಯರಿಂಗ್: ಮಿಂಚಿನಲ್ಲಿ ಓಡೋ ರೈಲು ಇದೆ. ಇನ್ನು ಎಲ್ಲರಿಗೂ ಗೊತ್ತಿರೋ ಫರ್ಗಾಟನ್ ರೆಲ್ಮ್ಸ್. ಎಡ್ ಗ್ರೀನ್‌ವುಡ್ ಅನ್ನೋ ಕೆನಡಾದವರು ಹುಡುಗನಾಗಿದ್ದಾಗಲೇ ಕಲ್ಪಿಸಿಕೊಂಡ ಲೋಕ, 1987ರಲ್ಲಿ ಆಟದ ರೂಪದಲ್ಲಿ ಬಂತು. ನಮ್ಮ ಹಿಮ ಬಿದ್ದ ಟ್ಯಾವರ್ನ್ ಇದ್ದಿದ್ದು ಅಲ್ಲೇ.

ಸಮಸ್ಯೆ ಇರೋದು ಫರ್ಗಾಟನ್ ರೆಲ್ಮ್ಸ್ ಕೆಟ್ಟದ್ದು ಅಂತಲ್ಲ. ಅದು ತುಂಬಾ ದೊಡ್ಡದು, ಮತ್ತು ಪೂರ್ತಿ ಇಂಗ್ಲಿಷ್ ಪುಸ್ತಕಗಳಲ್ಲಿದೆ. ನಮ್ಮ ಬೆಂಚಿನಲ್ಲಿ ಅದನ್ನ ಓದಿದ್ದವನು ನಾನೊಬ್ಬನೇ. ಹಾಗಾಗಿ ಅಲ್ಲಿ ಏನು ಸಾಧ್ಯ, ಏನು ಅಸಾಧ್ಯ, ಯಾವ ದೇವರು ಯಾರಿಗೆ ಬೇಕಾದವನು ಎಲ್ಲ ನನ್ನನ್ನ ಕೇಳಬೇಕು. ಇದು ಆಟ ಅಲ್ಲ, ವೈವಾ. ನಾನು ಎಕ್ಸ್‌ಟರ್ನಲ್, ಅವರು ಸ್ಟೂಡೆಂಟ್ಸ್. ವೈವಾದಲ್ಲಿ ನಾವು ಯಾಕೆ ಒಂದೊಂದೇ ಪದದಲ್ಲಿ ಉತ್ತರ ಕೊಡ್ತೀವಿ? ಜಾಸ್ತಿ ಮಾತಾಡಿದ್ರೆ ಸಿಕ್ಕಿಹಾಕ್ಕೊಳ್ತೀವಿ ಅಂತ. "ಅಟ್ಯಾಕ್" ಅನ್ನೋದು ಅದೇ ತರದ ಉತ್ತರ.

ಕುತೂಹಲದ ವಿಷಯ ಏನಪ್ಪಾ ಅಂದ್ರೆ, ಈ ಆಟ ಹುಟ್ಟಿದಾಗ ಅದು ಹೀಗಿರಲಿಲ್ಲ. ಗೈಗ್ಯಾಕ್ಸ್ ಇದ್ದದ್ದು ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಅನ್ನೋ ಸಣ್ಣ ಊರಲ್ಲಿ. ಅವರ ಗ್ರೇಹಾಕ್ ಕೋಟೆಯಲ್ಲಿ ಮೊದಲು ಆಡಿದ್ದು ಅವರ ಮಕ್ಕಳೇ. ಶುರುವಿನಲ್ಲಿ ಆ ಲೋಕದ ಮ್ಯಾಪ್ ಅಂದ್ರೆ ಉತ್ತರ ಅಮೆರಿಕದ ಮ್ಯಾಪ್ ಮೇಲೆಯೇ ಗೀಚಿಕೊಂಡದ್ದು. ಗ್ರೇಹಾಕ್ ಪಟ್ಟಣ ಹೆಚ್ಚುಕಮ್ಮಿ ಶಿಕಾಗೋ ಇರೋ ಜಾಗದಲ್ಲಿತ್ತು. ಅಂದ್ರೆ ಅವರು ಆಡಿದ್ದು ಅವರ ಊರಿನ ಪಕ್ಕದಲ್ಲೇ. ನಾವು ಮಾತ್ರ ಅವರ ಊರನ್ನ ಬಾಯಿಪಾಠ ಮಾಡ್ಕೊಂಡು ಕೂತಿದೀವಿ.

ನಮ್ಮಲ್ಲಿ ಇದರ ಹತ್ತಿರದ ನೆಂಟ ತಾಳಮದ್ದಳೆ. ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆಯವರು ಕೂತು ಕೇಳಿರ್ತೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ. ಅರ್ಥಧಾರಿಗಳು ಕೂತಲ್ಲೇ ವಾಲಿ ಆಗ್ತಾರೆ, ರಾಮ ಆಗ್ತಾರೆ, ಮಾತು ಆ ಕ್ಷಣಕ್ಕೆ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಈ ಮಾತಿನ ಜೋರಿನಿಂದಲೇ. ವಾಲಿ ಸಾಯ್ತಾನೆ ಅಂತ ಕೂತಿರೋ ಅಜ್ಜಿಗೂ ಗೊತ್ತು. ಆದರೂ ರಾತ್ರಿಯಿಡೀ ಕೇಳ್ತಾರೆ, ಯಾಕಂದ್ರೆ "ಮರೆಯಲ್ಲಿ ನಿಂತು ಯಾಕೆ ಹೊಡೆದೆ?" ಅನ್ನೋ ಪ್ರಶ್ನೆಗೆ ಇವತ್ತಿನ ರಾಮ ಏನಂತಾನೆ ಅನ್ನೋದು ಯಾರಿಗೂ ಗೊತ್ತಿಲ್ಲ. ಲೋಕ ಎಲ್ಲರಿಗೂ ಗೊತ್ತಿರೋದ್ರಿಂದಲೇ ಮಾತಿಗೆ ಅಷ್ಟು ಸ್ವಾತಂತ್ರ್ಯ. ಅರ್ಥಧಾರಿ ತಪ್ಪು ಹೇಳಿದ್ರೆ ಎದುರಿನವನು ಅಲ್ಲೇ ಹಿಡೀತಾನೆ. ಯಾರಿಗೂ ಪುಸ್ತಕ ತೆಗೆದು ನೋಡೋ ಕೆಲಸ ಇಲ್ಲ.

ಇದನ್ನೆಲ್ಲ ಯೋಚಿಸಿ ಎರಡನೇ ಶನಿವಾರ ನಾನು ಹೀಗೆ ಶುರು ಮಾಡಿದೆ: "ನೀವು ನಾಲ್ಕು ಜನ ರಾಮನಾಥಪುರದಲ್ಲಿ ಬಸ್ ಇಳಿದಿದೀರಿ. ಆಷಾಢ. ಕತ್ತಲಾಗಿದೆ. ಹೊಳೆ ದಾಟಿ ಆಚೆ ಹೋಗಬೇಕು."

"ಆಗಲ್ಲ ಬಿಡು" ಅಂದ ಅವನು, ದಾಳ ಮುಟ್ಟದೇನೇ. "ಆಷಾಢದಲ್ಲಿ ಕೊಡಗಲ್ಲಿ ಮಳೆ ಹಿಡೀತು, ಹಾರಂಗಿಯಿಂದ ನೀರು ಬಿಟ್ರು ಅಂದ್ರೆ ನಮ್ಮೂರ ಹೊಳೆ ಹೆಂಗಿರುತ್ತೆ ಗೊತ್ತಾ? ಇವತ್ತು ಮಂಟಪದ ಹತ್ರ ಇದ್ದಿದ್ದು ನಾಳೆ ರೋಡಿಗೆ ಬಂದಿರುತ್ತೆ. ಈಜ್ತೀನಿ ಅನ್ನೋನು ಪಾತ್ರ ಹರಿದಾಕಿ ಮನೆಗೆ ಹೋಗ್ಬಹುದು."

ಆ ಕ್ಷಣದಲ್ಲಿ ಆಟ ನನ್ನ ಕೈಯಿಂದ ಜಾರಿ ಬೆಂಚಿನ ಮಧ್ಯಕ್ಕೆ ಬಂತು. ಅವನಿಗೆ ಗೊತ್ತಿತ್ತು, ನನಗಿಂತ ಜಾಸ್ತಿ ಗೊತ್ತಿತ್ತು. ಆಮೇಲೆ ಅವನ ಬಾಯಿ ಮುಚ್ಚಿಸೋದೇ ಕಷ್ಟ ಆಯ್ತು.

ರಾಮನಾಥಪುರ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ಊರು. ರಾಮ ಲಿಂಗ ಸ್ಥಾಪಿಸಿದ ಅಂತ ಕಥೆ ಇರೋ ರಾಮೇಶ್ವರ ದೇವಸ್ಥಾನ, ಚಂಪಾಷಷ್ಠಿಗೆ ತೇರು ಎಳೆಯೋ ಪ್ರಸನ್ನ ಸುಬ್ರಹ್ಮಣ್ಯ, ಹೊಳೆಯಲ್ಲಿ ಅಗ್ನಿಯ ಹೆಸರು ಹೊತ್ತ ವಹ್ನಿಪುಷ್ಕರಿಣಿ. ನಾನು ನನ್ನ ಭೂತವನ್ನ ಈ ದೇವಸ್ಥಾನಗಳ ಹಿಂದೆ ಇಟ್ಟಿದ್ದೆ, ಸಿನಿಮಾದಲ್ಲಿ ಇಡೋ ತರ. ಅವನು ನಕ್ಕ. "ಭೂತಕ್ಕೆ ಅಲ್ಲೇನು ಕೆಲ್ಸ? ಬ್ಯಾರನ್ ಹತ್ರ ಇಡು."

ಬ್ಯಾರನ್ ಅಂದ್ರೆ ಹೊಗೆಸೊಪ್ಪು ಹದ ಮಾಡೋ ಮನೆ. ಆ ಭಾಗ ವರ್ಜೀನಿಯಾ ತಂಬಾಕಿನ ಸೀಮೆ. ರಾಮನಾಥಪುರದಲ್ಲೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಕಿತ್ತು ತಂದ ಹಸಿ ಸೊಪ್ಪನ್ನ ಕಡ್ಡಿಗೆ ಕಟ್ಟಿ ಒಳಗೆ ನೇತುಹಾಕಿ, ಒಲೆ ಹಚ್ಚಿ, ದಿನಗಟ್ಟಲೆ ಶಾಖ ಮೆಲ್ಲಗೆ ಏರಿಸ್ತಾ ಹೋಗಬೇಕು. ಮೊದಲು ಎಲೆ ಹಳದಿ ಆಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಶಾಖ ಅವಸರದಲ್ಲಿ ಏರಿದ್ರೂ ಹೋಯ್ತು, ಇಳಿದ್ರೂ ಹೋಯ್ತು. ಹಾಗಾಗಿ ರಾತ್ರಿ ಯಾರಾದ್ರೂ ಎದ್ದಿರಲೇಬೇಕು. ವರ್ಷದ ಸಾಲ, ಮಗಳ ಫೀಸು, ಎಲ್ಲ ಆ ಗೋಡೆಯೊಳಗೆ ನೇತಾಡ್ತಿರುತ್ತೆ.

ಅವನು ಕಟ್ಟಿದ ದೃಶ್ಯ ಇಷ್ಟೇ: ನಡುರಾತ್ರಿ, ಮಳೆ, ಬ್ಯಾರನ್ ಮುಂದೆ ನಮ್ಮ ನಾಲ್ಕು ಪಾತ್ರ. ಕತ್ತಲಿಂದ ಒಬ್ಬ ಮುದುಕ ಬಂದು, "ಸ್ವಲ್ಪ ಕೆಂಡ ಕೊಡ್ರಪ್ಪಾ" ಅಂತಾನೆ. ಕೊಟ್ರೆ ಒಲೆ ತಣ್ಣಗಾಗುತ್ತೆ. ಕೊಡಲ್ಲ ಅಂದ್ರೆ, ಬಂದವನು ಮನುಷ್ಯನೋ ಅಲ್ಲವೋ ಅಂತ ಗೊತ್ತಿಲ್ಲ. ಅವನ ಹಿಂದೆ ಹೋಗಿ ನೋಡೋಣ ಅಂದ್ರೆ ಬೆಂಕಿ ನೋಡ್ಕೊಳ್ಳೋರು ಯಾರು?

ಅದರ ಬಗ್ಗೆ ನಾವು ನಲವತ್ತು ನಿಮಿಷ ಜಗಳ ಆಡಿದ್ವಿ. ಒಂದು ಸಲವೂ ಯಾರೂ "ಅಟ್ಯಾಕ್" ಅನ್ನಲಿಲ್ಲ.

ಅಲ್ಲಿಂದ ನಮ್ಮ ಮ್ಯಾಪ್ ಹಾಸನದ ಉದ್ದಗಲಕ್ಕೂ ಬೆಳೀತು, ಅದಕ್ಕೆ ಒಂದು ಪುಸ್ತಕವೂ ಬೇಕಾಗಲಿಲ್ಲ. ಹಾಡಿನಿಂದ ಮಂತ್ರ ಹಾಕೋ ಬಾರ್ಡ್ ಅನ್ನೋ ಪಾತ್ರ ಇರುತ್ತಲ್ಲ, ಅವಳು ಎಲ್ಲಿಯವಳು? ಹತ್ತಿರದ ರುದ್ರಪಟ್ಟಣದವಳು. ಆರ್.ಕೆ. ಶ್ರೀಕಂಠನ್ ಹುಟ್ಟಿದ, ಸಂಗೀತಗಾರರನ್ನೇ ಬೆಳೆದ ಊರು ಅದು. ತಂಬೂರಿ ಆಕಾರದ ಸಪ್ತಸ್ವರ ದೇವತೆಗಳ ಮಂದಿರವೂ ಅಲ್ಲಿದೆ. ಹೆಣಗಳ ರಾಜನ ಕಾವಲುಗಾರರು ಬೇಕಾ? ದೊಡ್ಡಗದ್ದವಳ್ಳಿಯ ಹೊಯ್ಸಳರ ಲಕ್ಷ್ಮೀ ದೇವಸ್ಥಾನದೊಳಗೆ ಕಾಳಿಯ ಗುಡಿ ಕಾಯ್ತಾ ಎರಡು ಬೇತಾಳ ನಿಂತಿವೆ, ಪಕ್ಕೆಲುಬು ಎಣಿಸಬಹುದು. ಮುಳುಗಿದ ಊರು ಬೇಕಾ? ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೇ ಚರ್ಚ್ ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಮೇಲೇಳುತ್ತೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಹಾಸನಾಂಬೆಯ ಗುಡಿಯ ಕಥೆ. ವರ್ಷಕ್ಕೊಮ್ಮೆ, ಆಶ್ವೀಜದ ಹುಣ್ಣಿಮೆ ಕಳೆದ ಮೇಲೆ ಬಾಗಿಲು ತೆಗೀತಾರೆ, ಬಲಿಪಾಡ್ಯಮಿ ಆದ ಮೇಲೆ ಮುಚ್ಚುತ್ತಾರೆ. ಒಳಗೆ ಸೊಸೆ ಕಲ್ಲು ಅಂತ ಒಂದಿದೆ. ಅದು ವರ್ಷಕ್ಕೆ ಒಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತೆ ಅಂತ ನಂಬಿಕೆ. ನಮ್ಮಲ್ಲೊಬ್ಬ ಅಲ್ಲೇ ಲೆಕ್ಕ ಹಾಕಿದ: ಅಕ್ಕಿ ಕಾಳು 6.5 ಮಿಲಿಮೀಟರ್ ಅಂದ್ಕೊಂಡ್ರೆ ಒಂದು ಮೀಟರ್ ಸರಿಯೋಕೆ ಸುಮಾರು 150 ವರ್ಷ. ಪ್ರಳಯದ ಗಡಿಯಾರ ಇಷ್ಟು ನಿಖರವಾಗಿ ಫರ್ಗಾಟನ್ ರೆಲ್ಮ್ಸ್‌ನಲ್ಲೂ ನಾನು ನೋಡಿಲ್ಲ.

ಇಷ್ಟು ಓದಿದ ಮೇಲೆ ಇದು "ನಮ್ಮೂರೇ ಚೆಂದ" ಅನ್ನೋ ಲೇಖನ ಅಂತ ಅನ್ನಿಸಬಹುದು. ಅಲ್ಲ. ಮೂರನೇ ಶನಿವಾರ ನನ್ನ ಈ ಉತ್ಸಾಹಕ್ಕೆ ಸರಿಯಾಗಿ ಪೆಟ್ಟು ಬಿತ್ತು.

ಹೊಳೆನರಸೀಪುರದವಳ ಪಾತ್ರ ಬೇಹುಗಾರ್ತಿ. "ನಾನು ರಾತ್ರಿ ಒಬ್ಬಳೇ ಹೊಳೆ ದಂಡೆಗೆ ಹೋಗಿ ನೋಡ್ಕೊಂಡು ಬರ್ತೀನಿ" ಅಂದಳು. ನಾನು ಎಡವಟ್ಟು ಮಾಡಿದೆ. "ರಾತ್ರಿ ಹನ್ನೊಂದಕ್ಕೆ ಹುಡುಗಿ ಒಬ್ಬಳೇ ಅಂದ್ರೆ... ಊರವರು ಕೇಳ್ತಾರೆ, ರಿಯಲಿಸ್ಟಿಕ್ ಆಗಿ..." ಅಂತ ಎಳೆದೆ.

ಅವಳು ಪೆನ್ನು ಕೆಳಗಿಟ್ಟಳು. "ಕೆಂಡ ಕೇಳೋ ಭೂತ ಇರಬಹುದು. ಸರಿಯೋ ಕಲ್ಲು ಇರಬಹುದು. ಇದು ಮಾತ್ರ ರಿಯಲಿಸ್ಟಿಕ್ ಆಗಿರಬೇಕೇನೋ? ಮನೆಗೆ ಹೋದ್ರೆ ಆರೂವರೆಗೆ ಒಳಗಿರಬೇಕು. ಹಾಸ್ಟೆಲ್‌ನಲ್ಲೂ ಟೈಮಿಂಗ್ಸ್. ನಿನ್ನ ಹಿಮದ ಊರೇ ವಾಸಿ, ಅಲ್ಲಿ ಯಾರೂ ನನ್ನ ಕೇಳಲ್ಲ."

ಉತ್ತರ ಇರಲಿಲ್ಲ. ಇನ್ನೂ ಪೂರ್ತಿ ಇಲ್ಲ. ದೂರದ ಲೋಕಗಳನ್ನ ಜನ ಇಷ್ಟಪಡೋದು ಬರೀ ಶೋಕಿಗಲ್ಲ. ಗೊತ್ತಿಲ್ಲದ ಊರಲ್ಲಿ ನಮ್ಮನ್ನೂ ಯಾರಿಗೂ ಗೊತ್ತಿರಲ್ಲ. ಇಂಥವರ ಮಗಳು, ಇಂಥ ಕೇರಿಯವನು ಅಂತ ಯಾರೂ ಗುರುತು ಹಿಡಿಯಲ್ಲ. ಊರು ಗೊತ್ತಿರೋದು ನನಗೆ ಮಾತು ಕೊಡುತ್ತೆ. ಊರಿಗೆ ನಾನು ಗೊತ್ತಿರೋದು ಇನ್ನೊಬ್ಬರ ಬಾಯಿ ಮುಚ್ಚಿಸುತ್ತೆ. ಆ ಎರಡನೇ ಭಾಗ ನನ್ನ ತಲೆಗೆ ಬಂದಿರಲೇ ಇಲ್ಲ, ಯಾಕಂದ್ರೆ ನನ್ನನ್ನ ಊರು ಯಾವತ್ತೂ ಎಲ್ಲೂ ತಡೆದಿಲ್ಲ.

ಅವಳು ಕೇಳಿದ ಮೇಲೆ ನಾಲ್ಕನೆಯವನೂ ಬಾಯಿಬಿಟ್ಟ. ಅಲ್ಲಿವರೆಗೆ ಅವನು ಲೆಕ್ಕ ಹಾಕೋದು ಬಿಟ್ಟು ಹೆಚ್ಚು ಮಾತಾಡಿದವನಲ್ಲ. "ಈ ಊರಲ್ಲಿ ನನ್ನ ಪಾತ್ರ ಎಲ್ಲರ ಮನೆಯೊಳಗೂ ಹೋಗಬಹುದಾ? ಮೊದಲೇ ಹೇಳಿಬಿಡು." ಅಷ್ಟೇ ಕೇಳಿದ. ಏನು ಕೇಳ್ತಿದಾನೆ ಅಂತ ಎಲ್ಲರಿಗೂ ಅರ್ಥ ಆಯ್ತು.

ಆವತ್ತು ಆಟ ನಿಲ್ಲಿಸಿ ಟೀ ತರಿಸಿ ಕೂತು ಮಾತಾಡಿದ್ವಿ. ಕೊನೆಗೆ ಒಂದು ನಿಯಮ ಬರ್ಕೊಂಡ್ವಿ: ಹೊಳೆ, ಬೆಂಕಿ, ಮಳೆ, ಮಾತು, ಕಥೆ, ಇವು ಊರಿಂದ ಬರಲಿ. ಯಾರನ್ನ ಎಲ್ಲಿ ತಡೀತಾರೆ ಅನ್ನೋದು ಊರಿಂದ ತಾನಾಗೇ ಬರಬಾರದು. ಅದು ಕಥೆಯಲ್ಲಿ ಬೇಕು ಅಂದ್ರೆ, ತಡೆಸಿಕೊಳ್ಳೋ ಪಾತ್ರದವರೇ ಕೇಳಬೇಕು. ಈ ಆಟದ ಕಂಪನಿಯೇ ಎಲ್ಫ್, ಡ್ವಾರ್ಫ್‌ಗಳಿಗೆ ಇಷ್ಟು ವರ್ಷ ಬಳಸ್ತಿದ್ದ 'ರೇಸ್' ಅನ್ನೋ ಪದವನ್ನ 2024ರ ಪುಸ್ತಕದಲ್ಲಿ ಬಿಟ್ಟು 'ಸ್ಪೀಶೀಸ್' ಅಂತ ಮಾಡ್ಕೊಂಡಿದೆ. ಐವತ್ತು ವರ್ಷದ ಆಟ ಬದಲಾಗಬಹುದು ಅಂದ್ಮೇಲೆ ನಮ್ಮ ಮೂರು ವಾರದ ಆಟಕ್ಕೇನು ದಾಡಿ?

ಎರಡನೇ ನಿಯಮ ದೇವರದ್ದು. 1980ರಲ್ಲಿ ಇದೇ ಆಟದ ಒಂದು ಪುಸ್ತಕದಲ್ಲಿ ಇಂದ್ರನಿಗೂ ಹಿಟ್ ಪಾಯಿಂಟ್ ಬರೆದಿದ್ರು. ಅಂದ್ರೆ ಇಷ್ಟು ಏಟು ಬಿದ್ರೆ ಇಂದ್ರ ಮಟಾಷ್. ನಮ್ಮ ರಾಕ್ಷಸನನ್ನ ಹುಲಿ ತಲೆ, ಹಿಂದುಮುಂದಾದ ಅಂಗೈ ಇರೋ ಪ್ರಾಣಿ ಮಾಡಿಟ್ಟಿದ್ದಾರೆ. ನಗು ಬರುತ್ತೆ, ಬೇಜಾರಿಲ್ಲ, ಅವರಿಗೆ ಅದು ಸತ್ತ ಪುರಾಣದ ತರ ಕಂಡಿರಬಹುದು. ಆದರೆ ರಾಮನಾಥಪುರದ ಸುಬ್ರಹ್ಮಣ್ಯನಿಗೆ ಈ ವರ್ಷವೂ ತೇರು ಇದೆ, ನಮ್ಮ ಹುಡುಗನ ಅಮ್ಮ ಹರಕೆ ಹೊತ್ತಿದಾರೆ. ಹಾಗಾಗಿ ನಮ್ಮ ಆಟದಲ್ಲಿ ದೇವರಿಗೆ ನಂಬರ್ ಇಲ್ಲ, ದೇವರ ಪಾತ್ರ ಯಾರೂ ಮಾಡಲ್ಲ. ಗುಡಿ ಇರುತ್ತೆ, ಗಂಟೆ ಕೇಳುತ್ತೆ, ಅಷ್ಟೇ.

ಆಡಬೇಕು ಅನ್ನೋರಿಗೆ: ಪುಸ್ತಕಕ್ಕೆ ದುಡ್ಡು ಹಾಕಬೇಡಿ. 2023ರ ಜನವರಿಯಲ್ಲಿ ಮೂಲ ನಿಯಮಗಳನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿದ್ದಾರೆ. ಪುಕ್ಕಟೆ ಸಿಗುತ್ತೆ, ಕನ್ನಡಕ್ಕೆ ತಂದುಕೊಳ್ಳೋಕೂ ಅಡ್ಡಿ ಇಲ್ಲ. ದಾಳ ಇಲ್ಲ ಅಂದ್ರೆ ಮೊಬೈಲ್ ಆ್ಯಪ್ ಇದೆ. ನಾವು ಈಗ ಚೌಕಾಬಾರದ ಕವಡೆ ಹಾಕ್ತಿದೀವಿ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಸಂಖ್ಯೆಗೂ ಶೇ 5ರ ಅವಕಾಶ. ನಾಲ್ಕು ಕವಡೆಯಲ್ಲಿ ಹಾಗಲ್ಲ: ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತೆ ಅಂದ್ಕೊಂಡ್ರೆ 16ರಲ್ಲಿ 6 ಸಲ ಎರಡು ಬೀಳುತ್ತೆ, ನಾಲ್ಕೂ ಮೇಲಾಗೋದು, ನಾಲ್ಕೂ ಮಗುಚೋದು 16ರಲ್ಲಿ ಒಂದೊಂದೇ ಸಲ. ಅಂದ್ರೆ ಪವಾಡ ಅಪರೂಪ, ಸಾಧಾರಣ ದಿನವೇ ಜಾಸ್ತಿ. ಊರಿನ ಕಥೆಗೆ ಇದು ಸರಿಹೊಂದುತ್ತೆ. ನಿಜವಾದ ಕವಡೆ ಸಮನಾಗಿ ಬೀಳಲ್ಲ ಅನ್ನೋರು ನೂರು ಸಲ ಎಸೆದು ಗ್ರಾಫ್ ಹಾಕಿ ತನ್ನಿ, ಮುಂದಿನ ಸಂಚಿಕೆಗೆ ಲೇಖನ ಆಗುತ್ತೆ.

ಕೊನೆಗೆ ಒಂದು ಘಟನೆ ಹೇಳಿ ಮುಗಿಸ್ತೀನಿ.

ಸೆಮಿಸ್ಟರ್ ಕೊನೆಯ ಆಟ. ನಮ್ಮ ಪಾತ್ರಗಳು ಎರಡು ದಿನದಿಂದ ಉಪವಾಸ, ವಹ್ನಿಪುಷ್ಕರಿಣಿಯ ಹತ್ತಿರ ಬಂದು ಕೂತಿವೆ. ನೀರಿನಲ್ಲಿ ಮೊಣಕೈ ಉದ್ದದ ಮೀನುಗಳು, ಕೈಗೆ ಸಿಗೋಷ್ಟು ಹತ್ತಿರ. ಲೆಕ್ಕ ಹಾಕೋ ಹುಡುಗ, ಚನ್ನರಾಯಪಟ್ಟಣದ ಕಡೆಯವನು, ಕವಡೆ ಎತ್ತಿಕೊಂಡ. "ಮೀನು ಹಿಡೀತೀನಿ. ಎಷ್ಟು ಬೀಳಬೇಕು?"

ಡಿಎಂ ನಾನು. ಮೂರು ಅಂತ ಹೇಳೋಕೆ ಬಾಯಿ ತೆಗೆದಿದ್ದೆ.

"ಬೇಡ" ಅಂದ ರಾಮನಾಥಪುರದವನು. ಜೋರಾಗಿ ಅಲ್ಲ. "ಅಲ್ಲಿ ಮೀನು ಯಾರೂ ಹಿಡಿಯಲ್ಲ. ಪುರಿ ಹಾಕ್ತಾರೆ ಅಷ್ಟೆ."

"ಆಟ ತಾನೇ?"

"ಆಟದಲ್ಲೂ ಬೇಡ."

ಆ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಕವಡೆ ಹಿಡಿದಿದ್ದವನು ಒಂದು ಕ್ಷಣ ನೋಡಿದ, ಕವಡೆ ಕೆಳಗಿಟ್ಟ. "ಸರಿ. ನನ್ನ ಚೀಲದಲ್ಲಿ ಕೊನೇ ಹಿಡಿ ಅವಲಕ್ಕಿ ಇದೆ. ಅರ್ಧ ಮೀನಿಗೆ ಹಾಕ್ತೀನಿ."

ನಾಲ್ಕು ತಿಂಗಳ ಆಟದಲ್ಲಿ ನಮ್ಮ ಮಂತ್ರವಾದಿ ಕೊಂದ ದೆವ್ವಗಳ ಲೆಕ್ಕ ನನಗೆ ನೆನಪಿಲ್ಲ. ಆ ಅರ್ಧ ಹಿಡಿ ಅವಲಕ್ಕಿ ನೆನಪಿದೆ. ಮುಂದಿನ ಸೆಮಿಸ್ಟರ್‌ಗೆ ಡಿಎಂ ನಾನಲ್ಲ, ಹೊಳೆನರಸೀಪುರದವಳು. ಹೇಮಾವತಿ ದಂಡೆಯಲ್ಲಿ, ರಾತ್ರಿ ಹನ್ನೊಂದರ ನಂತರ ಮಾತ್ರ ಎಚ್ಚರ ಆಗೋ ಒಂದು ಊರು ಕಟ್ತಿದಾಳಂತೆ. ಬೆಂಚಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ. ಬರೋರು ನಿಮ್ಮೂರಿನ ಮ್ಯಾಪ್ ಒಂದು ಎ4 ಹಾಳೆಯಲ್ಲಿ ಬರ್ಕೊಂಡು ಬನ್ನಿ. ಅವಳಿಗೆ "ತಪ್ಪು, ಅಲ್ಲಿ ಹಂಗಾಗಲ್ಲ" ಅನ್ನೋ ಧೈರ್ಯವನ್ನೂ ಜೊತೆಗೆ ತನ್ನಿ.